ಸೊನ್ನೆ ಕಿಲೋಮೀಟರ್

ಬಸ್ಸು ತಡವಾಗಿ ಬಂತೆಂದು ರೇಗುವವರನ್ನು ಎಲ್ಲರೂ ನೋಡಿರುತ್ತಾರೆ. ಬೇಗ ಬಂತೆಂದು ರೇಗುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಹಿರಿಯೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ನಾನು ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವಾರ, ಹೊಸದುರ್ಗದಿಂದ ಹೊರಟ ನಮ್ಮ ಗಾಡಿ ಆರು ನಿಮಿಷ ಮುಂಚೆಯೇ ಬಂದು ನಿಂತಿತು. ಶಭಾಷ್ ಅನ್ನುತ್ತಾರೆಂದು ಲಾಗ್ ಶೀಟು ಹಿಡಿದುಕೊಂಡು ಅವರ ಕಿಟಕಿಗೆ ಹೋದೆ. ಅವರು ಗೋಡೆಯ ಗಡಿಯಾರ ನೋಡಿದರು, ಕೈಗಡಿಯಾರ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಆರು ನಿಮಿಷ ಎಲ್ಲಿಂದ ಕದ್ಕಂಡ್ ಬಂದ್ರಪ್ಪ?"

"ರಸ್ತೆ ಖಾಲಿ ಇತ್ತು ಸಾರ್."

"ರಸ್ತೆ ಖಾಲಿ ಇತ್ತು, ಸರಿ. ಯಾವ್ದೋ ಸ್ಟಾಪಿಗೆ ಟೈಮಿಗ್ ಸರಿಯಾಗಿ ಬಂದ ಅಜ್ಜಿ ಒಬ್ಳು ಈಗ ನಿಮ್ ಬಸ್ಸು ಎಬ್ಬಿಸಿದ ಧೂಳು ನೋಡ್ಕಂತ ನಿಂತಿರ್ತಾಳೆ. ಆಯಮ್ಮಂಗೆ ಏನ್ ಹೇಳ್ತೀಯ?"

ಸರಿಯಾದ ಸಮಯಕ್ಕೆ ಬಂದ ಗಾಡಿಯ ಎದುರು ಅವರು ಕೆಂಪು ಇಂಕಿನಲ್ಲಿ "ರೈಟ್ ಟೈಮ್" ಎಂದು ಬರೆಯುತ್ತಿದ್ದರು. ಅವರ ಬಾಯಲ್ಲಿ ಹೊಗಳಿಕೆ ಬರುತ್ತಿರಲಿಲ್ಲ, ಬರುವುದಿದ್ದರೆ ಆ ಕೆಂಪು ಪೆನ್ನಿನಿಂದಲೇ. ನನಗೆ ಆ ಎರಡು ಪದ ಸಿಕ್ಕಿದ್ದು ಎರಡು ತಿಂಗಳ ನಂತರ. ಮನೆಗೆ ಹೋಗಿ ಹೇಳಿಕೊಂಡಿದ್ದೆ ಕೂಡ.

ಅವರು ಹೋದ ತಿಂಗಳು ತೀರಿಕೊಂಡರು. ಅವರು ನಿವೃತ್ತರಾದಂದಿನಿಂದ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಹೆಸರು ಬರೆಯುವುದಿಲ್ಲ. ದಿನವಿಡೀ ಊರೂರಿನ ಹೆಸರನ್ನು ಮೈಕಿನಲ್ಲಿ ಕೂಗಿದ ಮನುಷ್ಯ ಸ್ವಂತ ಹೆಸರನ್ನು ಯಾರಾದರೂ ಜೋರಾಗಿ ಕರೆದರೆ ಸಂಕೋಚಪಡುತ್ತಿದ್ದರು.

ಕುಳ್ಳು, ಗಟ್ಟಿ ಆಳು. ಕಿವಿಯ ಮೇಲೊಂದು ಪೆನ್ನು, ಜೇಬಿನಲ್ಲಿ ಇನ್ನೊಂದು. ಮೈಕಿನಲ್ಲಿ ಮಾತಾಡುವ ಮೊದಲು ಎರಡು ಸಲ ಉಫ್ ಉಫ್ ಎಂದು ಊದಬೇಕು. ಅರ್ಧ ಲೋಟಕ್ಕಿಂತ ಹೆಚ್ಚು ಟೀ ಕುಡಿಯುತ್ತಿರಲಿಲ್ಲ, ಪೂರ್ತಿ ಕುಡಿಯುವಷ್ಟರಲ್ಲಿ ಒಂದು ಗಾಡಿ ಬಂದುಬಿಡುತ್ತದೆ ಎನ್ನುವುದು ಅವರ ಲೆಕ್ಕ. ಡ್ರೈವರ್ ಕಂಡಕ್ಟರ್ ಜಗಳವಾಡಿಕೊಂಡು ಬಂದರೆ, ಪ್ರಯಾಣಿಕರು ಮೈಮೇಲೆ ಏರಿ ಬಂದರೆ, ಡಿಪೋದವರು ತಕರಾರು ತೆಗೆದರೆ, ಅವರ ಪ್ರಶ್ನೆ ಒಂದೇ. "ಕಾಗದ ಏನ್ ಹೇಳ್ತೈತೆ?" ಕಾಗದ ಎಂದರೆ ಶೆಡ್ಯೂಲು. ಹೊರಡುವ ವೇಳೆ, ತಲುಪುವ ವೇಳೆ, ಕಿಲೋಮೀಟರ್, ಕೊನೆಯಲ್ಲಿ ಷರಾ. ಲೋಕದಲ್ಲಿ ನಡೆಯುವುದೆಲ್ಲ ಈ ನಾಲ್ಕು ಕಾಲಮ್ಮಿನಲ್ಲಿ ಹಿಡಿಸುತ್ತದೆ ಎಂದು ನಂಬಿದ್ದರು.

ಇಂಥವರಿಗೆ ಹಿಮಾಲಯದ ಹುಚ್ಚು ಹಿಡಿಸಿದವನು ನಾನೇ. ತೊಂಬತ್ತರ ದಶಕದ ಮಾತು. ಬೆಂಗಳೂರಿನಿಂದ ಹೊಸಪೇಟೆಗೆ ಹೋಗುವ ಗಾಡಿಯಲ್ಲಿ ಹಂಪಿ ನೋಡಲು ಹೊರಟ ಪರದೇಶದವರು ಬಹಳ ಮಂದಿ ಇರುತ್ತಿದ್ದರು. ಒಂದು ದಿನ ವಾಪಸ್ಸು ಬರುವಾಗ ಹಿಂದಿನ ಸೀಟಿನ ಕೆಳಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹಿಮಾಲಯದಲ್ಲಿ ಚಾರಣ ಹೋಗುವವರಿಗಾಗಿ ಬರೆದ ಕೈಪಿಡಿ. ನಿಯಮದಂತೆ ತಂದು ಕಂಟ್ರೋಲರಿಗೆ ಕೊಟ್ಟೆ. ಅವರು ಮರೆತುಹೋದ ವಸ್ತುಗಳ ರಿಜಿಸ್ಟರಿನಲ್ಲಿ ನಮೂದಿಸಿ, ಹುರಿಯಿಂದ ಒಂದು ಚೀಟಿ ಕಟ್ಟಿ, ಕೊಡೆ, ಟಿಫನ್ ಕ್ಯಾರಿಯರ್, ಒಂಟಿ ಚಪ್ಪಲಿಗಳ ಪಕ್ಕದಲ್ಲಿಟ್ಟರು. ಯಾರೂ ಕೇಳಿಕೊಂಡು ಬರಲಿಲ್ಲ. ಗಡುವು ಮುಗಿದ ಮೇಲೆ ರದ್ದಿಗೆ ಹೋಗಬೇಕಿದ್ದ ಪುಸ್ತಕವನ್ನು ಮೇಲಿನವರಿಗೆ ಅರ್ಜಿ ಬರೆದು ಪಡೆದುಕೊಂಡರು. ಚೀಟಿ ಮಾತ್ರ ಬಿಚ್ಚಲಿಲ್ಲ. "ಯಾವತ್ತಾದ್ರೂ ಬಂದ್ರೆ? ಕೊಡಬೇಕಲ್ಲ" ಅನ್ನುವರು.

ಕಥೆ ಕಾದಂಬರಿ ಅವರಿಗೆ ಒಗ್ಗುತ್ತಿರಲಿಲ್ಲ. ಈ ಪುಸ್ತಕ ಯಾಕೆ ಹಿಡಿಸಿತೆಂದು ತೆರೆದು ನೋಡಿದಾಗ ಗೊತ್ತಾಯಿತು. ಅದೂ ಒಂದು ಶೆಡ್ಯೂಲೇ! ಮೊದಲನೆಯ ದಿನ ಇಲ್ಲಿಂದ ಇಲ್ಲಿಗೆ, ಇಷ್ಟು ಕಿಲೋಮೀಟರ್, ಇಷ್ಟು ಗಂಟೆ, ರಾತ್ರಿ ತಂಗುವುದು ಇಂಥಲ್ಲಿ. ಅವರ ಭಾಷೆಯಲ್ಲಿ ನೈಟ್ ಹಾಲ್ಟ್. ಎಸ್ಸೆಸ್ಸೆಲ್ಸಿ ಇಂಗ್ಲಿಷು, ಜೊತೆಗೊಂದು ನಿಘಂಟು ಇಟ್ಟುಕೊಂಡು, ಹಿಮಾಚಲದ ಒಂದು ಕಣಿವೆಯ ಅಧ್ಯಾಯವನ್ನು ಲಾಗ್ ಶೀಟಿನ ಬೆನ್ನ ಮೇಲೆ ಕನ್ನಡಕ್ಕೆ ಇಳಿಸತೊಡಗಿದರು. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಬರೆದದ್ದನ್ನು ತಮಗೆ ತಾವೇ ಓದಿಕೊಳ್ಳುವರು. ಒಂದು ಮಧ್ಯಾಹ್ನ ಮೈಕು ಆರಿಸಲು ಮರೆತಿದ್ದರು. ಇಡೀ ನಿಲ್ದಾಣಕ್ಕೆ ಕೇಳಿಸಿತು: "ಹೊಳೆಯನ್ನು ಎಡಗಡೆ ಇಟ್ಟುಕೊಂಡು ಮೂರು ಗಂಟೆ ನಡೆದರೆ ಕುರಿಗಾಹಿಗಳ ಹುಲ್ಲುಗಾವಲು. ಮುಂದೆ ಹಿಮ. ಕಾಲು ಜೋಪಾನ."

ಹರಿಯಬ್ಬೆಗೆ ಹೋಗುವ ಹೆಂಗಸೊಬ್ಬಳು ಗಾಬರಿಯಿಂದ ಕಿಟಕಿಗೆ ಬಂದಳು. "ಅಣ್ಣಾರೆ, ಹರಿಯಬ್ಬೆ ಬಸ್ಸು ಈಗ ಆ ಕಡೀಗ್ ಸುತ್ತಾಕ್ಕಂಡ್ ಹೋಗ್ತೈತಾ?"

"ಇಲ್ಲ ಕಣಮ್ಮ, ಅದು ಬ್ಯಾರೆ ರೂಟು. ಇನ್ನೂ ಶುರುವಾಗಿಲ್ಲ" ಎಂದರು, ಒಂದಿಷ್ಟೂ ನಗದೆ.

ಆ ರೂಟು ಶುರುವಾಗಲು ನಾಲ್ಕು ವರ್ಷ ಹಿಡಿಯಿತು. ಹೊರಟವರು ಮೂರು ಜನ. ಅವರು, ನಾನು, ಡಿಪೋದ ಮೆಕ್ಯಾನಿಕ್ ಆದಿವಾಲದ ತಿಪ್ಪೇಸ್ವಾಮಿ. ತಿಪ್ಪೇಸ್ವಾಮಿಗೆ ಹಿಮಾಲಯ ಎಲ್ಲಿದೆ ಎಂಬುದೂ ಬೇಕಿರಲಿಲ್ಲ. ಕಂಟ್ರೋಲರು ಕರೆದರು, ಬರುತ್ತೇನೆಂದ, ಅಷ್ಟೆ. ಅವರ ಮೇಲೆ ಅವನಿಗೆ ಅಂಥ ಭರವಸೆ. ಈ ಭರವಸೆಯನ್ನು ಓದುಗರು ನೆನಪಿನಲ್ಲಿಡಬೇಕು.

ವಾರದ ರಜೆ ಮೂವರಿಗೂ ಒಂದೇ ದಿನ ಬರುವಂತೆ ಮಾಡಿಕೊಂಡು, ಕಾಲು ಪಳಗಿಸಲೆಂದು ಜೋಗಿಮಟ್ಟಿ ಬೆಟ್ಟಕ್ಕೆ ಹೋಗುತ್ತಿದ್ದೆವು. ಬೆಳಿಗ್ಗೆ ಮೊದಲ ಗಾಡಿಗೆ ಚಿತ್ರದುರ್ಗ, ಅಲ್ಲಿಂದ ನಡಿಗೆ. ಬೆನ್ನಿನ ಮೇಲೆ ಹೊರೆ ಇರಬೇಕೆಂದು ಪುಸ್ತಕ ಹೇಳಿತ್ತು. ತಿಪ್ಪೇಸ್ವಾಮಿ ಗೋಣಿಚೀಲಕ್ಕೆ ಪಟ್ಟಿ ಹೊಲಿದು ಹೆಗಲಿಗೇರಿಸುವ ಚೀಲ ಮಾಡಿದ, ಒಳಗೆ ಇಟ್ಟಿಗೆ ತುಂಬಿದೆವು. ಅರಣ್ಯ ಇಲಾಖೆಯ ಗಾರ್ಡು ಒಂದು ದಿನ ಅಡ್ಡ ಹಾಕಿದ.

"ಚೀಲ ಬಿಚ್ರಿ."

ಬಿಚ್ಚಿದೆವು. ಅವನು ಇಟ್ಟಿಗೆಗಳನ್ನು ಬಹಳ ಹೊತ್ತು ನೋಡಿದ. "ಕಾಡಿಂದ ಹೊತ್ಕಂಡ್ ಹೋಗೋರ್ನ ಹಿಡ್ದಿದೀನಿ. ಕಾಡಿಗೆ ಇಟ್ಟಿಗೆ ಹೊತ್ಕಂಡ್ ಬರೋರ್ನ ಇವತ್ತೇ ನೋಡಿದ್ದು. ಮನೆ ಕಟ್ತೀರಾ ಮ್ಯಾಲೆ?"

"ವಾಪಸ್ ತಗಂಡ್ ಹೋಗ್ತೀವಿ" ಎಂದರು ಕಂಟ್ರೋಲರು. "ಹನ್ನೊಂದೂ ಮುಕ್ಕಾಲಿಗೆ ಇಳೀತೀವಿ. ಎಣಿಸ್ಕಳ್ರಿ." ಹನ್ನೊಂದೂ ಮುಕ್ಕಾಲಿಗೆ ಇಳಿದೆವು. ಗಾರ್ಡು ನಿಜಕ್ಕೂ ಎಣಿಸಿದ.

ಈ ರಜೆಗಳ ಬಗ್ಗೆ ತಕರಾರಿದ್ದದ್ದು ಅವರ ಹೆಂಡತಿಗೆ. ನಾವು ಅಕ್ಕ ಅನ್ನುತ್ತಿದ್ದೆವು. ಕೈ ತುಂಬಾ ಬಡಿಸುವ, ಬಾಯಿ ತುಂಬಾ ಬೈಯುವ ಹೆಂಗಸು. "ಮದ್ವೆಯಾಗಿ ಇಪ್ಪತ್ತೆಂಟು ವರ್ಷ ಆತು. ಒಂದು ದಿನ ಮನೆ ಮುಂದೆ ಸುಮ್ನೆ ಕುಂತಿದ್ದು ನೋಡಿಲ್ಲ ಇವ್ರನ್ನ. ರಜ ಇದ್ರೂ ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತಾರೆ. ಈಗ ಬೆಟ್ಟ ಒಂದು ಸಿಕ್ತು" ಅನ್ನುವಳು. ಅವರು ತಲೆ ಎತ್ತದೆ ಉಣ್ಣುತ್ತಿದ್ದರು.

ಹೊರಡುವ ತಿಂಗಳು ಹತ್ತಿರ ಬಂದಾಗ ಪೂರ್ತಿ ಶೆಡ್ಯೂಲನ್ನು ದಪ್ಪ ಹಾಳೆಯ ಮೇಲೆ ಬರೆದು ನಮಗೆ ತೋರಿಸಿದರು. ಪುಸ್ತಕದ ಒಂದು ಗಂಟೆಗೆ ಹಿರಿಯೂರಿನ ಕಾಲಿಗೆಂದು ಇಪ್ಪತ್ತು ನಿಮಿಷ ಸೇರಿಸಿದ್ದರು. ಮಳೆಗೆ, ಹೊಳೆ ದಾಟಲು, ಫೋಟೋಗೆ ಬೇರೆ ಬೇರೆ ನಿಮಿಷ. ಕೊನೆಯ ದಿನ ಶಿಬಿರದಿಂದ ಹೊರಟು, ಬೆಟ್ಟದ ಆ ಕಡೆಗೆ ದಾಟುವ ಕಣಿವೆಯ ನೆತ್ತಿ ಮುಟ್ಟಿ ಅದೇ ಶಿಬಿರಕ್ಕೆ ವಾಪಸ್ಸು. ಹನ್ನೊಂದು ಗಂಟೆಯಾದರೆ ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ಇದಕ್ಕೆ ಕೆಂಪು ಗೆರೆ ಎಳೆದಿದ್ದರು. ಎಲ್ಲ ಸರಿಯಾಗಿತ್ತು. ಆದರೆ ಪುಸ್ತಕದಲ್ಲಿ ಐದು ದಿನವಿದ್ದದ್ದು ಹಾಳೆಯಲ್ಲಿ ನಾಲ್ಕೇ ಇತ್ತು.

"ಮೂರನೇ ದಿನ ಎಲ್ಲಿ ಸಾರ್?" ಎಂದೆ.

"ಹೊಡೆದ್ ಹಾಕ್ದೆ. ಅವತ್ತು ಏನೂ ಇಲ್ಲ ಕಣಪ್ಪ. ವಿಶ್ರಾಂತಿ ಅಂತೆ. ಎರಡು ದಿನ ನಡೆದಿದ್ದಕ್ಕೆ ಒಂದು ದಿನ ಸುಮ್ನೆ ಕುಂತ್ಕಳಾದಂತೆ! ಹಿಂಗೆ ಶೆಡ್ಯೂಲ್ ಹಾಕಿದ್ರೆ ಡಿಪೋಕ್ಕೆ ಬೀಗ ಹಾಕ್ಬೇಕಾಗ್ತೈತೆ."

ಮೂವರೂ ನಕ್ಕೆವು. ನಮ್ಮ ಇಲಾಖೆಯಲ್ಲಿ ಕಿಲೋಮೀಟರ್ ಕಾಲಮ್ಮಿನಲ್ಲಿ ಸೊನ್ನೆ ಬಿದ್ದರೆ ಗಾಡಿ ಕೆಟ್ಟಿದೆ ಇಲ್ಲವೇ ಸಿಬ್ಬಂದಿ ಗೈರುಹಾಜರು ಎಂದೇ ಅರ್ಥ. ಎರಡಕ್ಕೂ ವಿವರಣೆ ಕೊಡಬೇಕು. ತಮ್ಮ ಕೈಯಾರೆ ಸೊನ್ನೆ ಬರೆಯಲು ಅವರ ಪೆನ್ನು ಒಪ್ಪಲಿಲ್ಲ. ನನಗೂ ಅದು ಪರದೇಶದವರ ಸೋಮಾರಿತನ ಅಂತಲೇ ಅನ್ನಿಸಿತು. ಬೆಟ್ಟದ ಮೇಲಿನ ತೆಳು ಗಾಳಿಗೆ ಮೈ ಒಗ್ಗಲಿ ಎಂದು ಆ ದಿನವನ್ನು ಇಟ್ಟಿದ್ದಾರೆಂದು ಜೋಗಿಮಟ್ಟಿ ಹತ್ತಿದವರಿಗೆ ಹೇಗೆ ಗೊತ್ತಾಗಬೇಕು?

ದೆಹಲಿಯವರೆಗೆ ರೈಲು, ಮುಂದೆ ಬೆಟ್ಟದ ಬಸ್ಸು. ಅಲ್ಲಿನ ಒಂದು ಪುಟ್ಟ ನಿಲ್ದಾಣದಲ್ಲಿ ಕಂಟ್ರೋಲರು ನೇರವಾಗಿ ಕಂಟ್ರೋಲ್ ರೂಮಿಗೆ ನುಗ್ಗಿ, ಹಣ್ಣಿನ ವ್ಯಾಪಾರಿಗಳಿಂದ ಕಲಿತ ನಮ್ಮೂರಿನ ಉರ್ದುವಿನಲ್ಲಿ ತಮ್ಮ ಪರಿಚಯ ಹೇಳಿಕೊಂಡರು. ಆ ಕಡೆಯ ಕಂಟ್ರೋಲರು ಎದ್ದು ನಿಂತು ಕೈಕುಲುಕಿ ಕುರ್ಚಿ ಕೊಟ್ಟರು. ಇಬ್ಬರೂ ಒಬ್ಬರ ಗೋಳನ್ನೊಬ್ಬರು ಕೇಳುತ್ತ ಕೂತುಬಿಟ್ಟರು. ನಾನು ನೋಡಿದ ಹಾಗೆ ಅವರು ಒಂದು ಲೋಟ ಟೀ ಪೂರ್ತಿ ಕುಡಿದದ್ದು ಅವತ್ತೇ ಮೊದಲು.

ಬೆಟ್ಟದಲ್ಲಿ ಮೊದಲೆರಡು ದಿನ ಶೆಡ್ಯೂಲು ನಿಮಿಷ ತಪ್ಪಲಿಲ್ಲ. ಜೊತೆಗೆ ಅಲ್ಲಿನ ಇಬ್ಬರಿದ್ದರು, ದಾರಿ ತೋರಿಸುವವನೊಬ್ಬ, ಸಾಮಾನಿನ ಕುದುರೆಯವನೊಬ್ಬ. ಒಂದೊಂದು ಹಾಲ್ಟ್ ಮುಟ್ಟಿದಾಗಲೂ ಕಂಟ್ರೋಲರು ಗಡಿಯಾರ ನೋಡಿ ಕೆಂಪು ಪೆನ್ನು ತೆಗೆದು "ರೈಟ್ ಟೈಮ್" ಎಂದು ಬರೆಯುವರು. ಎರಡನೆಯ ದಿನ ದಾರಿ ತೋರಿಸುವವನು ನಾಳೆ ಇಲ್ಲೇ ಇರೋಣವೇ ಎಂದು ಕೇಳಿದ. ಕಂಟ್ರೋಲರು ಹಾಳೆ ತೋರಿಸಿದರು. ಇಷ್ಟು ಅಚ್ಚುಕಟ್ಟಾದ ಹಾಳೆ ಅವನು ಎಲ್ಲೂ ನೋಡಿರಲಿಕ್ಕಿಲ್ಲ, ಸುಮ್ಮನಾದ.

ಮೂರನೆಯ ದಿನ ಮೇಲಿನ ಶಿಬಿರ ಸೇರಿದೆವು. ತಿಪ್ಪೇಸ್ವಾಮಿ ಊರಿನಿಂದ ರಾಗಿ ಹಿಟ್ಟು ಹೊತ್ತು ತಂದಿದ್ದ. ಹಿಮ ನೋಡುತ್ತ ಮುದ್ದೆ ಉಣ್ಣಬೇಕೆಂಬುದು ಈ ಇಡೀ ಪ್ರಯಾಣದಲ್ಲಿ ಅವನದೇ ಎಂದು ಇದ್ದ ಒಂದೇ ಆಸೆ. ಎಸರು ಕೊತಕೊತ ಕುದಿಯಿತು, ಆದರೆ ಎಷ್ಟು ತಿರುವಿದರೂ ಹಿಟ್ಟಿನ ಹಸಿ ಹೋಗಲಿಲ್ಲ. ಅಷ್ಟು ಎತ್ತರದಲ್ಲಿ ನೀರು ಪೂರ್ತಿ ಕಾಯುವ ಮೊದಲೇ ಕುದಿಯುತ್ತದಂತೆ. ನಾವು ಹೇಗೋ ನುಂಗಿದೆವು. ತಿಪ್ಪೇಸ್ವಾಮಿ ಮಾತ್ರ ಮುಟ್ಟಲಿಲ್ಲ. ತಲೆ ನೋಯ್ತೈತೆ ಎಂದ. ಮುದ್ದೆ ಕೆಟ್ಟ ಬೇಜಾರೆಂದುಕೊಂಡೆವು.

ಬೆಳಿಗ್ಗೆ ಹೊರಡಲು ಸಿದ್ಧರಾದಾಗ ಅವನು ಗುಡಾರದ ಮುಂದೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಕಟ್ಟುತ್ತಲೇ ಇದ್ದ. ಇಂಜಿನ್ನಿನ ಸಂದಿಯಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ನಟ್ಟು ಕೂರಿಸುವ ಬೆರಳುಗಳಿಗೆ ದಾರ ಸಿಗುತ್ತಿರಲಿಲ್ಲ. ಎದ್ದು ನಿಂತವನು ಕುಡಿದವನಂತೆ ಓಲಾಡಿದ. ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ದಾರಿ ತೋರಿಸುವವನು ಅವನ ಕಣ್ಣು ನೋಡಿದವನೇ ಈಗಲೇ ಕೆಳಗಿಳಿಸಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದ.

ಮೇಲೆ ಕಣಿವೆಯ ನೆತ್ತಿ ಬಿಸಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೂರು ಗಂಟೆಯ ದಾರಿ. ನಾಲ್ಕು ವರ್ಷ ಅವರು ನಿಘಂಟು ಹಿಡಿದು ಹುಡುಕಿದ ಜಾಗ ಅದು.

ನನಗೆ ಭಯವಾಗಿತ್ತು, ಸಿಟ್ಟೂ ಬಂದಿತ್ತು. ಯಾರ ಮೇಲೆಂದು ಗೊತ್ತಿಲ್ಲದೆ ಅವರ ಮಾತನ್ನೇ ಅವರಿಗೆ ಎಸೆದೆ. "ಸಾರ್, ಕಾಗದ ಏನ್ ಹೇಳ್ತೈತೆ?"

ಅವರು ಪುಸ್ತಕ ತೆಗೆದು ಆ ಪುಟ ಬಿಚ್ಚಿದರು. ಓದಲಿಲ್ಲ, ಓದುವ ಅಗತ್ಯವಿರಲಿಲ್ಲ. "ಕಾಗದ ಮೊದ್ಲೇ ಹೇಳಿತ್ತು ಕಣಪ್ಪ. ನಾನೇ ಹೊಡೆದ್ ಹಾಕಿದ್ದೆ" ಎಂದರು.

ಒಬ್ಬರು ತಿಪ್ಪೇಸ್ವಾಮಿಯ ಜೊತೆ ಇಳಿಯಬೇಕು. ಇನ್ನೊಬ್ಬರು ಮೇಲೆ ಹೋಗಬಹುದು. ನಾನು ಚಿಕ್ಕವನು, ಇವತ್ತಲ್ಲದಿದ್ದರೆ ಇನ್ನೊಮ್ಮೆ ಬರಬಹುದಾದವನು. ನಾನು ಇಳೀತೀನಿ ಸಾರ್, ನೀವು ಹೋಗಿ ಬರ್ರಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನೆತ್ತಿಯ ಕಡೆ ನೋಡುತ್ತ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇದನ್ನು ಅವರೊಬ್ಬರಿಗೆ ಬಿಟ್ಟು ಈವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಬರೆಯುತ್ತಿದ್ದೇನೆ.

ಅವರಿಗೆ ಅದೂ ಗೊತ್ತಾಯಿತು ಎನ್ನಿಸುತ್ತದೆ. ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದರು, ಹಾಳೆಯನ್ನೂ ಕೊಟ್ಟರು. "ಶೆಡ್ಯೂಲ್ ಹಾಕ್ದೋನು ನಾನು. ಗಾಡಿ ಕೆಟ್ರೆ ಜೊತೇಲಿ ಇರಬೇಕಾದೋನೂ ನಾನೇ. ನೀನು ಹೋಗು. ಮ್ಯಾಲೆ ಮುಟ್ಟಿದ ಟೈಮು ಬರಿ. ಹನ್ನೊಂದಾದ್ರೆ ಎಲ್ಲಿದ್ರೂ ವಾಪಸ್, ತಿಳೀತಾ?" ಎಂದರು. ತಿಪ್ಪೇಸ್ವಾಮಿಯ ಬೂಟಿನ ದಾರವನ್ನು ಮಂಡಿಯೂರಿ ತಾವೇ ಕಟ್ಟಿದರು. ಅವನನ್ನು ಕುದುರೆಯ ಮೇಲೆ ಕೂರಿಸಿ, ಬೀಳದಂತೆ ಸೊಂಟ ಹಿಡಿದುಕೊಂಡು ಕುದುರೆಯವನ ಜೊತೆ ಇಳಿದು ಹೋದರು. ಒಮ್ಮೆಯೂ ತಿರುಗಿ ಬೆಟ್ಟ ನೋಡಲಿಲ್ಲ.

ದಾರಿ ತೋರಿಸುವವನ ಹಿಂದೆ ನಾನು ನೆತ್ತಿ ಮುಟ್ಟಿದಾಗ ಹತ್ತೂ ನಲವತ್ತು. ಬರೆದೆ. ಆಮೇಲೆ ಆ ಕಡೆ ನೋಡಿ ಬೆರಗಾದೆ. ಈ ಕಡೆ ಹುಲ್ಲು, ಹೂವು, ಹೊಳೆ. ಆ ಕಡೆ ಒಂದು ಮರವಿಲ್ಲ. ಒಣಗಿದ ಕಂದು ಗುಡ್ಡಗಳು, ಕಲ್ಲು, ಬಿಸಿಲು, ಗಾಳಿ. ಹಿಮದ ತುದಿಗಳನ್ನು ಕೈಯಿಂದ ಮರೆಮಾಡಿ ನೋಡಿದರೆ ಅದು ನಮ್ಮ ಹಿರಿಯೂರು ಸೀಮೆಯೇ. ನಗು ಬಂತು, ತೋರಿಸಲು ಅವರಿಲ್ಲವಲ್ಲ ಎಂದು ಬೇಸರವೂ ಆಯಿತು.

ಸಂಜೆ ಕೆಳಗಿನ ಹಾಲ್ಟಿಗೆ ಇಳಿದು ಬಂದಾಗ ತಿಪ್ಪೇಸ್ವಾಮಿ ಎದ್ದು ಕೂತು ಮುದ್ದೆ ತಿರುವುತ್ತಿದ್ದ, ಇಲ್ಲಿ ಹೇಗೋ ಬೆಂದಿತ್ತು. ನಾನು ಗಡಿಯಾರ ಕೊಟ್ಟು, "ಸಾರ್, ಆ ಕಡೆ ನಮ್ ಹಿರಿಯೂರಿನ ಹಂಗೇ ಐತೆ" ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಸಮಾಧಾನಕ್ಕೆ ಹೇಳುತ್ತಿದ್ದಾನೆ ಹುಡುಗ ಎನ್ನುವ ತಟ್ಟು ಅದು. ಹಾಳೆ ಇಸಿದುಕೊಂಡು ನಾಲ್ಕನೆಯ ದಿನದ ಷರಾ ಕಾಲಮ್ಮಿನಲ್ಲಿ ಬರೆದರು: "ಶೆಡ್ಯೂಲ್ ತಪ್ಪು. ಸಿಬ್ಬಂದಿಯ ತಪ್ಪಲ್ಲ."

ಈ ವಾಕ್ಯದ ತೂಕ ನಮ್ಮ ಇಲಾಖೆಯವರಿಗೆ ಮಾತ್ರ ತಿಳಿಯುತ್ತದೆ. ಗಾಡಿ ತಡವಾದರೆ ಅದು ಯಾವಾಗಲೂ ಸಿಬ್ಬಂದಿಯ ತಪ್ಪೇ. ಕಾಗದ ತಪ್ಪುವುದಿಲ್ಲ. ಅವರೇ ನಮಗೆ ಹಾಗೆಂದು ಕಲಿಸಿದ್ದರು.

ಊರಿಗೆ ಬಂದ ಮೇಲೆ ನಡೆದದ್ದನ್ನು ಅವರು ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ "ನಾನ್ ಮಾಡಿದ್ ತಪ್ಪಿಗೆ ಮೆಕ್ಯಾನಿಕ್ ಸಾಯ್ತಿದ್ದ" ಎಂದು ಗಂಟಲೆತ್ತಿಯೇ ಹೇಳುವರು. ಹೊಳಲ್ಕೆರೆ ಕಡೆಯ ಒಂದು ಗಾಡಿ ದಿನಾ ಹತ್ತು ನಿಮಿಷ ತಡವಾಗಿ ಬಂದು ಡ್ರೈವರ್ ಬೈಸಿಕೊಳ್ಳುತ್ತಿದ್ದ. ಅವರು ತಮ್ಮ ರಜೆಯಲ್ಲಿ ಮೂರು ಸಲ ಅದೇ ಗಾಡಿಯಲ್ಲಿ ಗಡಿಯಾರ ಹಿಡಿದು ಕೂತು ಬಂದರು. ರಸ್ತೆ ಇರುವ ಹಾಗೆ ಇಷ್ಟು ಹೊತ್ತು ಬೇಕೇ ಬೇಕು ಎಂದು ಮೇಲಿನವರಿಗೆ ಬರೆದು ಹತ್ತು ನಿಮಿಷ ಹಾಕಿಸಿಕೊಟ್ಟರು. ಮರುದಿನದಿಂದ ಆ ಡ್ರೈವರಿಗೆ ಕೆಂಪು ಇಂಕು ಸಿಗತೊಡಗಿತು. ಮುಂಚೆ ಅವರಿಗೆ ಹೆದರುತ್ತಿದ್ದೆವು. ಆಮೇಲೆ ಅವರನ್ನು ಪ್ರೀತಿಸಿದೆವು.

ಅಕ್ಕ ಮಾತ್ರ ಬಿಡಲಿಲ್ಲ. "ಸುಮ್ನೆ ಕುಂತ್ಕಳೋ ದಿನಾನೇ ಹೊಡೆದ್ ಹಾಕಿದ್ರಂತೆ. ಬೆಟ್ಟಕ್ಕೆ ಈಗ ಗೊತ್ತಾತು. ನಂಗೆ ಮೊದ್ಲಿಂದ ಗೊತ್ತು" ಎಂದು ಸಾರು ಬಡಿಸಿದಳು. ಅವರು ಅವತ್ತು ತಲೆ ಎತ್ತಿ ಅವಳನ್ನು ನೋಡಿದರು.

ಏಳು ವರ್ಷದ ನಂತರ, ನಿವೃತ್ತರಾದ ವರ್ಷವೇ, ಮತ್ತೆ ಹೋದರು. ಅದೇ ಕಣಿವೆ, ಅದೇ ಪುಸ್ತಕ. ಈ ಸಲ ನಾನಿಲ್ಲ, ತಿಪ್ಪೇಸ್ವಾಮಿ ಇಲ್ಲ, ಅಕ್ಕ ಇದ್ದಳು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು. ಅವಳೂ ಒಂದು ವರ್ಷ ಜೋಗಿಮಟ್ಟಿಗೆ ಇಟ್ಟಿಗೆ ಹೊತ್ತಿದ್ದಳು. ವಾಪಸ್ಸು ಬಂದ ದಿನ ಕಂಟ್ರೋಲರು ಮನೆಗೂ ಹೋಗದೆ, ಅಕ್ಕನನ್ನು ಬೆಂಚಿನಲ್ಲಿ ಕೂರಿಸಿ, ಚೀಲ ಹೊತ್ತುಕೊಂಡೇ ನನ್ನ ಕಿಟಕಿಗೆ ಬಂದರು. ಮುಖ ಬಿಸಿಲಿಗೆ ಸುಲಿದಿತ್ತು, ಕಣ್ಣು ಮಿನುಗುತ್ತಿತ್ತು.

"ಲೇ, ಹತ್ತೂ ಐವತ್ತೈದು!" ಎಂದರು. "ಇಬ್ರೂ ಮುಟ್ಟಿದ್ವಿ. ನೀನು ಸಮಾಧಾನಕ್ಕೆ ಸುಳ್ಳು ಹೇಳಿದ್ದೆ ಅಂತ ಏಳು ವರ್ಷ ಅಂದ್ಕಂಡಿದ್ದೆ ಕಣಪ್ಪ. ನಿಜವಾಗ್ಲೂ ನಮ್ಮೂರೇ ಐತಲ್ಲೋ ಆ ಕಡೆ!"

ಅವತ್ತು ನಾನು ಬಾಯಿ ಬಿಟ್ಟೆ. "ಸಾರ್, ಆವತ್ತು ನಾನು ಇಳೀತೀನಿ ಅನ್ನಬೇಕಿತ್ತು..."

"ಅಂದಿದ್ರೂ ಕಳಿಸ್ತಿರ್ಲಿಲ್ಲ" ಎಂದು ಮಾತು ಮುಗಿಸಿ, ಮೈಕು ಆರಿದೆಯೇ ನೋಡಿ, ಅಕ್ಕನ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದರು.

ಅವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದಾಗ ಅಕ್ಕ ಒಳಗಿನಿಂದ ಆ ಪುಸ್ತಕ ತಂದು ಕೊಟ್ಟಳು. ಹುರಿ, ಚೀಟಿ ಹಾಗೇ ಇದ್ದವು. "ನಿನ್ ಬಸ್ಸಲ್ಲಿ ಸಿಕ್ಕಿದ್ದಂತೆ. ಯಾರಾದ್ರೂ ಕೇಳ್ಕಂಡ್ ಬಂದ್ರೆ ನೀನೇ ಕೊಡಬೇಕಂತೆ" ಎಂದಳು. ನಿಲ್ದಾಣಕ್ಕೆ ಬಂದು, ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಬಿಚ್ಚಿದೆ. ಒಳಗೆ ಎರಡನೆಯ ಪ್ರಯಾಣದ ಹಾಳೆ ಮಡಚಿಟ್ಟಿತ್ತು. ನೆತ್ತಿ ಮುಟ್ಟಿದ ದಿನದ ಎದುರು ನೀಲಿ ಇಂಕಿನಲ್ಲಿ ಬರೀ ವೇಳೆಯಿತ್ತು, ಷರಾ ಏನೂ ಇರಲಿಲ್ಲ. ಇಡೀ ಹಾಳೆಯಲ್ಲಿ ಕೆಂಪು ಇಂಕು ಬಳಸಿದ್ದದ್ದು ಒಂದೇ ಕಡೆ, ಮೂರನೆಯ ದಿನದ ಸಾಲಿನಲ್ಲಿ.

"ಹೊರಟ ವೇಳೆ: ಇಲ್ಲ. ತಲುಪಿದ ವೇಳೆ: ಇಲ್ಲ. ಕಿ.ಮೀ.: 0. ಷರಾ: ಬೆಳಗಿನಿಂದ ಸಂಜೆಯವರೆಗೆ ಅವಳೂ ನಾನೂ ಬಂಡೆಯ ಮೇಲೆ ಕುಂತಿದ್ದೆವು. ರೈಟ್ ಟೈಮ್."